ಬಿಂದುವನ್ನು ಎಳೆಯುವ ಮೊದಲು: ಜಿಯೋಜಿಬ್ರಾ ಹಿಡಿದು ಹೈಸ್ಕೂಲು ಗಣಿತ ಕಲಿಸುವ ಬಗೆ

ಒಂಬತ್ತನೇ ತರಗತಿಯ ವೃತ್ತಗಳ ಪಾಠದಲ್ಲಿ ಒಂದು ಪ್ರಮೇಯವಿದೆ. ಕಂಸವೊಂದು ವೃತ್ತಕೇಂದ್ರದಲ್ಲಿ ಉಂಟುಮಾಡುವ ಕೋನವು, ವೃತ್ತದ ಉಳಿದ ಭಾಗದ ಮೇಲಿನ ಯಾವುದೇ ಬಿಂದುವಿನಲ್ಲಿ ಉಂಟುಮಾಡುವ ಕೋನದ ಎರಡರಷ್ಟಿರುತ್ತದೆ. ಮಕ್ಕಳು ಇದನ್ನು ಗಡಗಡ ಹೇಳುತ್ತಾರೆ. ದತ್ತ, ಸಾಧನೀಯ, ರಚನೆ, ಸಾಧನೆ ಎಂದು ತಲೆಬರಹ ಹಾಕಿ ಉತ್ತರಪತ್ರಿಕೆಯಲ್ಲಿ ಬರೆದೂ ಬರುತ್ತಾರೆ. ಅದೇ ಚಿತ್ರವನ್ನು ಸ್ವಲ್ಪ ತಿರುಗಿಸಿ, ವೃತ್ತಕೇಂದ್ರವು ಪರಿಧಿಯ ಮೇಲಿನ ಕೋನದ ಹೊರಗೆ ಬೀಳುವ ಹಾಗೆ ಕೊಟ್ಟರೆ ಮಾತ್ರ ಪೆನ್ನು ನಿಂತುಬಿಡುತ್ತದೆ. ಅವರು ಕಲಿತದ್ದು ಒಂದು ಚಿತ್ರದ ಸಂಗತಿ. ಪ್ರಮೇಯ ಹೇಳುತ್ತಿರುವುದು ಎಣಿಕೆಗೆ ಸಿಗದಷ್ಟು ಚಿತ್ರಗಳ ಸಂಗತಿ. ಕಪ್ಪುಹಲಗೆಯ ಮೇಲೆ ಒಂದು ಪೀರಿಯಡ್‌ನಲ್ಲಿ ನಾವು ಬಿಡಿಸಬಲ್ಲದ್ದು ಮೂರೋ ನಾಲ್ಕೋ.

ಜಿಯೋಜಿಬ್ರಾದಂಥ ತಂತ್ರಾಂಶ ನಮಗೆ ಬೇಕಾಗುವುದು ಇಲ್ಲೇ. ಚಿತ್ರದ ಒಂದು ಬಿಂದುವನ್ನು ಮೌಸ್‌ನಿಂದ ಹಿಡಿದು ಎಳೆದರೆ ಇಡೀ ಚಿತ್ರ ಅದರ ಜೊತೆ ಬದಲಾಗುತ್ತದೆ, ನಾವು ಹಾಕಿದ ನಿಯಮಗಳು ಮಾತ್ರ ಮುರಿಯುವುದಿಲ್ಲ. ಈ ವಿಚಾರ ಹೊಸದಲ್ಲ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ರೂಪುಗೊಂಡ ಕ್ಯಾಬ್ರಿ, ಅಮೆರಿಕದ ಜಿಯೋಮೀಟರ್ಸ್ ಸ್ಕೆಚ್‌ಪ್ಯಾಡ್ ಎಂಬ ತಂತ್ರಾಂಶಗಳು ಮೊದಲೇ ಇದ್ದವು. ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪ್ರಬಂಧದ ಭಾಗವಾಗಿ ಜಿಯೋಜಿಬ್ರಾ ಶುರುಮಾಡಿದಾಗ, ರೇಖಾಗಣಿತ ಮತ್ತು ಬೀಜಗಣಿತವನ್ನು ಒಂದೇ ಪರದೆಯ ಮೇಲೆ ಜೋಡಿಸಿದರು: ಎಡಗಡೆ ಸಮೀಕರಣ, ಬಲಗಡೆ ಚಿತ್ರ. ಒಂದನ್ನು ಮುಟ್ಟಿದರೆ ಇನ್ನೊಂದು ಬದಲಾಗುತ್ತದೆ. ಶಾಲೆಗಳಿಗೆ ಇದು ಉಚಿತ. ಕರ್ನಾಟಕದಲ್ಲಿ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳ ಮೂಲಕ ಸರ್ಕಾರಿ ಪ್ರೌಢಶಾಲೆಗಳ ಅನೇಕ ಗಣಿತ ಶಿಕ್ಷಕರಿಗೆ ಇದರ ಪರಿಚಯವೂ ಆಗಿದೆ.

ಪರಿಚಯ ಇದ್ದರೂ ಬಹಳ ಕಡೆ ಇದು ಬಣ್ಣದ ಚಾರ್ಟ್‌ನ ಜಾಗದಲ್ಲಿ ಕೂತಿದೆ. ಮೇಷ್ಟ್ರು ಮೊದಲೇ ಮಾಡಿಟ್ಟ ಫೈಲು ತೆರೆಯುತ್ತಾರೆ, ಬಿಂದು ಎಳೆಯುತ್ತಾರೆ, "ನೋಡಿದ್ರಾ, ಎರಡರಷ್ಟೇ ಇದೆ" ಅನ್ನುತ್ತಾರೆ, ಮಕ್ಕಳು "ಹೌದು ಸರ್" ಅನ್ನುತ್ತಾರೆ. ಅಲ್ಲಿ ಯಾರಿಗೂ ಏನನ್ನೂ ಯೋಚಿಸುವ ಅಗತ್ಯ ಬರಲಿಲ್ಲ. ಆದ್ದರಿಂದ ಈ ಇಡೀ ಲೇಖನದಲ್ಲಿ ನಾನು ಒತ್ತಿ ಹೇಳುವುದು ಒಂದೇ ಅಭ್ಯಾಸ: ಎಳೆಯುವ ಮೊದಲು ಪ್ರತಿ ಮಗುವೂ ತನ್ನ ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಬರೆದ ಮೇಲೆಯೇ ಮೌಸ್ ಅಲುಗಬೇಕು.

ಮೊದಲ ಹೆಜ್ಜೆ: ಕಂಪ್ಯೂಟರ್ ಸಜ್ಜು ಮಾಡಿಕೊಳ್ಳುವುದು

ಶಾಲೆಯ ಕಂಪ್ಯೂಟರ್ ಹಳೆಯದಾಗಿದ್ದರೆ ಜಿಯೋಜಿಬ್ರಾ ಕ್ಲಾಸಿಕ್ 5 ಹಾಕಿಕೊಳ್ಳಿ, ಹೊಸದಾಗಿದ್ದರೆ ಕ್ಲಾಸಿಕ್ 6. ಒಮ್ಮೆ ಹಾಕಿಕೊಂಡರೆ ಎರಡಕ್ಕೂ ಇಂಟರ್‌ನೆಟ್ ಬೇಕಿಲ್ಲ. ತರಗತಿ ನಡೆಯುವಾಗ ನೆಟ್‌ವರ್ಕ್ ನಂಬಿ ಕೂರಬೇಡಿ. ಮೊಬೈಲಿಗೂ ಆ್ಯಪ್ ಇದೆ, ಮನೆಯಲ್ಲಿ ಫೋನ್ ಇರುವ ಮಕ್ಕಳಿಗೆ ಅದು ಸಾಕು.

ಪ್ರೊಜೆಕ್ಟರ್‌ಗೆ ಹಾಕುವ ಮುಂಚೆ ನಾಲ್ಕು ಹೊಂದಾಣಿಕೆ ಮಾಡಿ. ಆಪ್ಷನ್ಸ್ ಅಥವಾ ಸೆಟ್ಟಿಂಗ್ಸ್‌ಗೆ ಹೋಗಿ ಅಕ್ಷರದ ಗಾತ್ರವನ್ನು 24ಕ್ಕೆ ಏರಿಸಿ, ಹಿಂದಿನ ಬೆಂಚಿಗೂ ಕಾಣಬೇಕು. ಲೇಬಲಿಂಗ್ ಆಯ್ಕೆಯಲ್ಲಿ ಹೊಸ ಬಿಂದುಗಳಿಗೆ ಮಾತ್ರ ಹೆಸರು ಬರುವಂತೆ ಇಡಿ, ಇಲ್ಲದಿದ್ದರೆ ಪ್ರತಿ ರೇಖೆಗೂ ಒಂದೊಂದು ಅಕ್ಷರ ಅಂಟಿಕೊಂಡು ಪರದೆ ಗಿಜಿಗುಡುತ್ತದೆ. ಖಾಲಿ ಜಾಗದಲ್ಲಿ ಬಲ ಕ್ಲಿಕ್ ಮಾಡಿ ಅಕ್ಷಗಳನ್ನೂ ಚೌಕಜಾಲವನ್ನೂ ತೆಗೆದುಬಿಡಿ. ಶುದ್ಧ ರೇಖಾಗಣಿತದ ಪಾಠಕ್ಕೆ ಅವು ಬೇಡ, ಮಕ್ಕಳು ಚೌಕ ಎಣಿಸಲು ಶುರುಮಾಡುತ್ತಾರೆ. ಕೊನೆಯದಾಗಿ ರೌಂಡಿಂಗ್. ಇದನ್ನು ಎರಡು ದಶಮಾಂಶ ಸ್ಥಾನಕ್ಕೆ ಇಡಿ. ಏಕೆಂದು ಮುಂದೆ ಹೇಳುತ್ತೇನೆ, ಅದರ ಹಿಂದೆ ಒಂದು ಒಳ್ಳೆಯ ಪಾಠವೇ ಇದೆ.

ಕೈಗೆ ರೂಢಿಯಾಗಬೇಕಾದ ಕೀಲಿಗಳು ಎರಡು: ಎಸ್ಕೇಪ್ ಒತ್ತಿದರೆ ಯಾವ ಉಪಕರಣ ಹಿಡಿದಿದ್ದರೂ ಬಿಟ್ಟು ಮೂವ್ ಉಪಕರಣಕ್ಕೆ ಬರುತ್ತೀರಿ. ಕಂಟ್ರೋಲ್ ಮತ್ತು ಝಡ್ ಒತ್ತಿದರೆ ಹಿಂದಿನ ಕೆಲಸ ರದ್ದಾಗುತ್ತದೆ. ಎಸ್ಕೇಪ್ ಒತ್ತದೆ ಪರದೆಯ ಮೇಲೆ ಕ್ಲಿಕ್ ಮಾಡುತ್ತಾ ಹೋದರೆ ಬೇಡದ ಬಿಂದುಗಳು ತುಂಬಿಕೊಳ್ಳುತ್ತವೆ. ಹೊಸಬರು ಪರದಾಡುವುದು ಹೆಚ್ಚಾಗಿ ಇದರಿಂದಲೇ.

ಎರಡನೇ ಹೆಜ್ಜೆ: ಬಿಡಿಸಿದ ಚೌಕ, ರಚಿಸಿದ ಚೌಕ

ಯಾವುದೇ ಪ್ರಮೇಯಕ್ಕೆ ಕೈಹಾಕುವ ಮುಂಚೆ ಈ ಒಂದು ಪೀರಿಯಡ್ ಖರ್ಚು ಮಾಡಿ. ಇದು ದಂಡವಾಗುವುದಿಲ್ಲ.

ಪರದೆಯ ಮೇಲೆ ಅಕ್ಕಪಕ್ಕ ಎರಡು ಚೌಕ ತಯಾರಿಸಿಡಿ. ಮೊದಲನೆಯದು ಪಾಲಿಗನ್ ಉಪಕರಣ ಹಿಡಿದು, ಕಣ್ಣಳತೆಯಲ್ಲೋ ಚೌಕಜಾಲದ ಸಹಾಯದಿಂದಲೋ ನಾಲ್ಕು ಬಿಂದು ಇಟ್ಟು ಮಾಡಿದ್ದು. ಎರಡನೆಯದು ಹೀಗೆ: ಎಬಿ ರೇಖಾಖಂಡ ಎಳೆಯಿರಿ. ಪರ್ಪೆಂಡಿಕ್ಯುಲರ್ ಲೈನ್ ಉಪಕರಣದಿಂದ ಎ ಮೂಲಕ ಒಂದು, ಬಿ ಮೂಲಕ ಒಂದು ಲಂಬ ಎಳೆಯಿರಿ. ಎ ಕೇಂದ್ರವಾಗಿ ಬಿ ಮೂಲಕ ಹಾಯುವ ವೃತ್ತ, ಬಿ ಕೇಂದ್ರವಾಗಿ ಎ ಮೂಲಕ ಹಾಯುವ ವೃತ್ತ ಹಾಕಿ. ಎಬಿಯ ಒಂದೇ ಬದಿಯಲ್ಲಿ, ಬಿ ಮೇಲಿನ ಲಂಬವು ಬಿ ಕೇಂದ್ರದ ವೃತ್ತವನ್ನು ಛೇದಿಸುವ ಜಾಗ ಸಿ, ಎ ಮೇಲಿನ ಲಂಬವು ಎ ಕೇಂದ್ರದ ವೃತ್ತವನ್ನು ಛೇದಿಸುವ ಜಾಗ ಡಿ. ಎರಡನ್ನೂ ಇಂಟರ್‌ಸೆಕ್ಟ್ ಉಪಕರಣದಿಂದಲೇ ಗುರುತಿಸಿ. ಆಮೇಲೆ ಎಬಿಸಿಡಿಯನ್ನು ಬಹುಭುಜವಾಗಿ ಜೋಡಿಸಿ. ಸಹಾಯಕ್ಕೆ ಹಾಕಿದ ವೃತ್ತ, ಲಂಬಗಳನ್ನು ಅಳಿಸಬೇಡಿ, ಅವನ್ನು ಅಳಿಸಿದರೆ ಅವುಗಳ ಮೇಲೆ ನಿಂತ ಬಿಂದುಗಳೂ ಚೌಕವೂ ಹೋಗಿಬಿಡುತ್ತವೆ. ಬಲ ಕ್ಲಿಕ್ ಮಾಡಿ ಶೋ ಆಬ್ಜೆಕ್ಟ್ ಗುರುತು ತೆಗೆದು ಮರೆಮಾಡಿ.

ಈಗ ಎರಡೂ ನೋಡಲು ಒಂದೇ ಥರ. ಮಕ್ಕಳನ್ನು ಕೇಳಿ: "ಎರಡೂ ಚೌಕಾನಾ? ಹೇಗೆ ಗೊತ್ತು?" ಅಳತೆ ಹಾಕಿ ನೋಡೋಣ ಅನ್ನುತ್ತಾರೆ, ಹಾಕಿದರೆ ಎರಡರಲ್ಲೂ ಸರಿಯಾಗಿಯೇ ಬರಬಹುದು. ಊಹೆ ಬರೆಸಿ. ನಂತರ ಒಂದು ಮಗುವನ್ನು ಕರೆದು ಪ್ರತಿ ಚೌಕದ ಒಂದು ಮೂಲೆ ಎಳೆಯಲು ಹೇಳಿ. ಮೊದಲನೆಯದು ಸೊಟ್ಟಗಾಗಿ ಹೋಗುತ್ತದೆ. ಎರಡನೆಯದರಲ್ಲಿ ಎ ಅಥವಾ ಬಿ ಎಳೆದರೆ ಚೌಕ ಹಿಗ್ಗುತ್ತದೆ, ಕುಗ್ಗುತ್ತದೆ, ತಿರುಗುತ್ತದೆ, ಚೌಕವಾಗಿಯೇ ಇರುತ್ತದೆ. ಸಿ ಮತ್ತು ಡಿ ಎಳೆಯಲು ಹೋದರೆ ಬರುವುದೇ ಇಲ್ಲ.

ಇಲ್ಲಿ ಬಣ್ಣಗಳ ಕಡೆ ಗಮನ ಸೆಳೆಯಿರಿ. ಜಿಯೋಜಿಬ್ರಾದಲ್ಲಿ ಸ್ವತಂತ್ರ ಬಿಂದು ನೀಲಿ, ರೇಖೆಗೋ ವೃತ್ತಕ್ಕೋ ಅಂಟಿಕೊಂಡು ಅದರ ಮೇಲೆ ಮಾತ್ರ ಓಡಾಡಬಲ್ಲ ಬಿಂದು ತಿಳಿನೀಲಿ, ಬೇರೆಯವುಗಳಿಂದ ಹುಟ್ಟಿದ ಬಿಂದು ಕಪ್ಪು ಛಾಯೆಯದು. ಚಿತ್ರದಲ್ಲಿ ಯಾವುದು ನಮ್ಮ ಆಯ್ಕೆ, ಯಾವುದು ಆ ಆಯ್ಕೆಯಿಂದ ತಾನಾಗಿ ಬಂದ ಫಲ ಎಂಬುದನ್ನು ಈ ಮೂರು ಬಣ್ಣಗಳೇ ಹೇಳುತ್ತವೆ. ಪ್ರಮೇಯದ ಉತ್ತರದಲ್ಲಿ ದತ್ತ ಯಾವುದು, ಸಾಧನೀಯ ಯಾವುದು ಎಂದು ಗೊಂದಲವಾಗುವ ಮಗುವಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಮೂರನೇ ಹೆಜ್ಜೆ: ಒಂದು ಪ್ರಮೇಯ, ಪೂರ್ತಿ ಒಂದು ಪೀರಿಯಡ್

ಮೊದಲಿಗೆ ಹೇಳಿದ ವೃತ್ತದ ಪ್ರಮೇಯವನ್ನೇ ತೆಗೆದುಕೊಳ್ಳೋಣ. ಫೈಲು ಮುಂಚೆ ಮಾಡಿಡಬೇಡಿ, ಮಕ್ಕಳ ಎದುರಿಗೇ ಖಾಲಿ ಪರದೆಯಿಂದ ಕಟ್ಟಿ. ಮುಂದಿನ ಬೆಂಚಿನ ಒಬ್ಬಳು ಮೌಸ್ ಹಿಡಿಯಲಿ, ಉಳಿದವರು ಮುಂದೇನು ಮಾಡಬೇಕೆಂದು ಹೇಳಲಿ.

ಓ ಕೇಂದ್ರವಾಗಿ ಒಂದು ವೃತ್ತ. ವೃತ್ತದ ಮೇಲೆ ಕೆಳಭಾಗದಲ್ಲಿ ಎಡಕ್ಕೆ ಎ, ಬಲಕ್ಕೆ ಬಿ. ಮೇಲುಭಾಗದಲ್ಲಿ ಸಿ. ಮೂರೂ ತಿಳಿನೀಲಿ ಇವೆಯೇ ನೋಡಿ. ನೀಲಿಯಾಗಿದ್ದರೆ ಅದು ವೃತ್ತಕ್ಕೆ ಅಂಟಿಲ್ಲ, ಎಳೆದ ಕೂಡಲೇ ಹಾರಿಹೋಗುತ್ತದೆ. ಓಎ, ಓಬಿ, ಸಿಎ, ಸಿಬಿ ರೇಖಾಖಂಡಗಳನ್ನು ಸೇರಿಸಿ. ಆ್ಯಂಗಲ್ ಉಪಕರಣ ಹಿಡಿದು ಎ, ಓ, ಬಿ ಇದೇ ಕ್ರಮದಲ್ಲಿ ಕ್ಲಿಕ್ ಮಾಡಿ, ನಂತರ ಎ, ಸಿ, ಬಿ. ಕ್ರಮ ಮುಖ್ಯ. ಈ ತಂತ್ರಾಂಶ ಕೋನವನ್ನು ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಅಳೆಯುತ್ತದೆ. ತಿರುವುಮುರುವು ಕ್ಲಿಕ್ ಮಾಡಿದರೆ 120 ಡಿಗ್ರಿ ಬರುವ ಕಡೆ 240 ಬಂದು ಕೂರುತ್ತದೆ.

ಈಗ ಮೌಸ್ ಕೆಳಗಿಡಿಸಿ. ಪರದೆಯಲ್ಲಿ ಎರಡು ಸಂಖ್ಯೆ ಕಾಣುತ್ತಿವೆ. ಮಕ್ಕಳಿಗೆ ಮೂರು ಪ್ರಶ್ನೆ ಕೊಟ್ಟು ಬರೆಯಲು ಹೇಳಿ. ಸಿ ಬಿಂದುವನ್ನು ಬಲಕ್ಕೆ ಎಳೆದರೆ ∠ಎಸಿಬಿ ಹೆಚ್ಚುತ್ತದೋ, ಕಡಿಮೆಯಾಗುತ್ತದೋ, ಹಾಗೇ ಇರುತ್ತದೋ? ಬಿ ಬಿಂದುವನ್ನು ಎಳೆದರೆ? ವೃತ್ತವನ್ನೇ ದೊಡ್ಡದು ಮಾಡಿದರೆ? ಮೊದಲ ಪ್ರಶ್ನೆಗೆ ತರಗತಿ ಎರಡು ಮೂರು ಪಕ್ಷವಾಗುತ್ತದೆ. ಸಿ ದೂರ ಹೋದಂತೆ ಕೋನ ಸಣ್ಣದಾಗಬೇಕು ಎಂದು ಅನ್ನಿಸುವುದು ಸಹಜ. ಯಾರ ಊಹೆಯನ್ನೂ ತಿದ್ದಬೇಡಿ. ಅನ್ನಿಸಿದ್ದನ್ನು ಬರೆದಿಟ್ಟ ಮಗು ಪರದೆಯನ್ನು ನೋಡುವ ಕಣ್ಣೇ ಬೇರೆ.

ಸಿ ಎಳೆಯಿರಿ. ∠ಎಸಿಬಿ ಅಲ್ಲಾಡುವುದಿಲ್ಲ. ಬಿ ಎಳೆಯಿರಿ. ಎರಡೂ ಕೋನ ಬದಲಾಗುತ್ತವೆ, ಸಂಬಂಧ ಬದಲಾಗುವುದಿಲ್ಲ. ಐದಾರು ಜೋಡಿ ಸಂಖ್ಯೆಗಳನ್ನು ಮಕ್ಕಳೇ ಪಟ್ಟಿಮಾಡಲಿ. ಇಲ್ಲಿ ಯಾರಾದರೂ ಒಬ್ಬರು ಚಿಕ್ಕ ತಕರಾರು ತೆಗೆಯುತ್ತಾರೆ, ತೆಗೆಯದಿದ್ದರೆ ನೀವೇ ತೆಗೆಯಿರಿ. ಒಂದು ಸ್ಥಾನದಲ್ಲಿ ಪರಿಧಿಯ ಕೋನ 60.12, ಕೇಂದ್ರದ ಕೋನ 120.25 ಎಂದು ತೋರಿಸಬಹುದು. 60.12ರ ಎರಡರಷ್ಟು 120.24 ಅಲ್ಲವೇ? ಒಳಗಿನ ನಿಜವಾದ ಬೆಲೆ 60.124 ಇದ್ದು, ಅದರ ಎರಡರಷ್ಟಾದ 120.248 ಪರದೆಗೆ ಬರುವಾಗ 120.25 ಆಗಿದೆ. ರೌಂಡಿಂಗ್ ಹೆಚ್ಚಿಸಿ ತೋರಿಸಿ, ವ್ಯತ್ಯಾಸ ಇನ್ನೂ ಕಿರಿದಾಗುತ್ತದೆ. ಆದರೆ ಎಷ್ಟು ಸ್ಥಾನ ಹೆಚ್ಚಿಸಿದರೂ ಅಳತೆಯಿಂದ 'ಸರಿಯಾಗಿ ಎರಡರಷ್ಟು' ಎಂಬ ಖಾತ್ರಿ ಸಿಗುವುದಿಲ್ಲ. ಸಾಧನೆ ಏಕೆ ಬೇಕು ಎಂಬ ಪ್ರಶ್ನೆ ಈಗ ಪರದೆಯಿಂದಲೇ ಎದ್ದು ಬಂತು. ರೌಂಡಿಂಗ್ ಅನ್ನು ಎರಡು ಸ್ಥಾನಕ್ಕೆ ಇಡಿ ಎಂದದ್ದು ಇದಕ್ಕೇ. ಪೂರ್ಣಾಂಕಕ್ಕೆ ಇಟ್ಟರೆ 121 ಮತ್ತು 60 ಎಂದು ತೋರಿಸಿ ಮಕ್ಕಳ ನಂಬಿಕೆಯನ್ನೇ ಕೆಡಿಸಬಹುದು.

ಈ ಹಂತದಲ್ಲಿ ಪ್ರೊಜೆಕ್ಟರ್ ಆರಿಸಬೇಡಿ, ಆದರೆ ಕಪ್ಪುಹಲಗೆಗೆ ಹೋಗಿ. ಸಿ ಇಂದ ಓ ಮೂಲಕ ಒಂದು ಕಿರಣ ಎಳೆದು ವೃತ್ತವನ್ನು ಡಿಯಲ್ಲಿ ಸಂಧಿಸುವಂತೆ ಮಾಡಿ. ಓಎ, ಓಸಿ ಎರಡೂ ತ್ರಿಜ್ಯ, ಹಾಗಾಗಿ ತ್ರಿಭುಜ ಓಎಸಿ ಸಮದ್ವಿಬಾಹು. ಬಾಹ್ಯಕೋನ ∠ಎಓಡಿ ಅದರ ಒಂದು ಪಾದಕೋನದ ಎರಡರಷ್ಟು. ಇನ್ನೊಂದು ಬದಿಯಲ್ಲೂ ಅದೇ. ಎರಡನ್ನೂ ಕೂಡಿದರೆ ಮುಗಿಯಿತು. ಹಲಗೆಯ ಮೇಲೆ ಇದನ್ನು ಬರೆಯುತ್ತಿರುವಾಗಲೇ ಪರದೆಯಲ್ಲೂ ಆ ಕಿರಣ ಎಳೆಸಿ, ಸಣ್ಣ ಕೋನಗಳನ್ನು ಗುರುತು ಹಾಕಿಸಿ.

ಮಜಾ ಇರುವುದು ಇದರ ಮುಂದೆ. ಸಿ ಬಿಂದುವನ್ನು ಎಡಗಡೆ ಎ ಹತ್ತಿರಕ್ಕೆ ತಂದು ನಿಲ್ಲಿಸಿ. ಒಂದು ಹಂತದಲ್ಲಿ ಕೇಂದ್ರ ಓ, ∠ಎಸಿಬಿಯ ಹೊರಗೆ ಬೀಳುತ್ತದೆ, ಕಿರಣ ಸಿಡಿ ಕೋನದ ಒಳಗೆ ಹಾಯುವುದೇ ಇಲ್ಲ. ಸಂಖ್ಯೆಗಳು ಈಗಲೂ ಎರಡರಷ್ಟೇ ಇವೆ, ಆದರೆ ನಾವು ಹಲಗೆಯ ಮೇಲೆ ಬರೆದ 'ಕೂಡಿದರೆ' ಎನ್ನುವ ಸಾಲು ಇಲ್ಲಿ ಹೊಂದುವುದಿಲ್ಲ. ಹಾಗಾದರೆ ಏನು ಮಾಡಬೇಕು? ಕಳೆಯಬೇಕು. ಇದನ್ನು ಮಕ್ಕಳೇ ಹೇಳುವ ತನಕ ಕಾಯಿರಿ. ಹೇಳಿಕೆ ಹಾಗೇ ನಿಂತಿರುವಾಗ ಅದರ ಸಾಧನೆ ಬದಲಾಗಬೇಕಾಗುತ್ತದೆ ಎನ್ನುವುದನ್ನು ನಿಂತ ಚಿತ್ರದಲ್ಲಿ ತೋರಿಸುವುದು ಬಹಳ ಕಷ್ಟ.

ಇನ್ನೂ ಸ್ವಲ್ಪ ಎಳೆದು, ಸಿ ಬಿಂದುವನ್ನು ಎ ದಾಟಿಸಿ ಲಘು ಕಂಸದ (ಎ, ಬಿ ನಡುವಿನ ಚಿಕ್ಕ ಕಂಸದ) ಮೇಲೆ ತನ್ನಿ. ಕೋನ 60 ಇದ್ದದ್ದು ಒಮ್ಮೆಗೇ 240ಕ್ಕೆ ಹಾರುತ್ತದೆ! ತರಗತಿಯಲ್ಲಿ ಗದ್ದಲವಾಗುತ್ತದೆ. ತಂತ್ರಾಂಶ ಕೆಟ್ಟಿಲ್ಲ, ಅದು 180 ಡಿಗ್ರಿ ಮೀರಿದ ಸರಳಾಧಿಕ ಕೋನವನ್ನು ತೋರಿಸುತ್ತಿದೆ. ಆ ಕೋನದ ಪ್ರಾಪರ್ಟೀಸ್‌ಗೆ ಹೋಗಿ ಮಿತಿಯನ್ನು 0 ಇಂದ 180 ಡಿಗ್ರಿಗೆ ಬದಲಿಸಿ. ಈಗ 120 ಕಾಣುತ್ತದೆ. ಮೊದಲಿದ್ದ 60, ಈಗಿನ 120. ಕೂಡಿದರೆ 180. ಚಕ್ರೀಯ ಚತುರ್ಭುಜದ (ನಾಲ್ಕೂ ಮೂಲೆ ವೃತ್ತದ ಮೇಲಿರುವ ಚತುರ್ಭುಜದ) ಅಭಿಮುಖ ಕೋನಗಳ ಪ್ರಮೇಯ ತಾನಾಗಿ ಬಾಗಿಲಿಗೆ ಬಂದು ನಿಂತಿದೆ, ಮುಂದಿನ ಪೀರಿಯಡ್ ಅದಕ್ಕೆ. ಕೇಂದ್ರದ ಕೋನದ ಮಿತಿಯನ್ನು ಮಾತ್ರ 0 ಇಂದ 360 ಆಗಿಯೇ ಬಿಡಿ, ಅಧಿಕ ಕಂಸದ ಸಂದರ್ಭದಲ್ಲಿ ಅದು 180 ದಾಟಬೇಕು. ∠ಎಓಬಿ 180ಕ್ಕೆ ಬಂದಾಗ ಅರ್ಧವೃತ್ತದ ಲಂಬಕೋನವೂ ಸಿಗುತ್ತದೆ.

ಇಷ್ಟಕ್ಕೆ 40 ನಿಮಿಷ ಸಾಲದೇ ಹೋಗಬಹುದು. ಸಾಧನೆಯನ್ನು ಮರುದಿನಕ್ಕೆ ಇಟ್ಟುಕೊಂಡರೂ ಅಡ್ಡಿಯಿಲ್ಲ, ಊಹೆ ಬರೆಯುವ ಐದು ನಿಮಿಷವನ್ನು ಮಾತ್ರ ಉಳಿಸಲು ಹೋಗಬೇಡಿ.

ನಾಲ್ಕನೇ ಹೆಜ್ಜೆ: ಹತ್ತನೇ ತರಗತಿಯ ಸ್ಪರ್ಶಕ

ವೃತ್ತದ ಮೇಲೆ ಪಿ, ಕ್ಯೂ ಎರಡು ಬಿಂದು ಇಟ್ಟು ಅವುಗಳ ಮೂಲಕ ರೇಖೆ ಎಳೆಯಿರಿ, ಅದು ಛೇದಕ. ಓಪಿ ತ್ರಿಜ್ಯ ಸೇರಿಸಿ, ∠ಓಪಿಕ್ಯೂ ಅಳೆಯಿರಿ. ಕ್ಯೂ ಬಿಂದುವನ್ನು ನಿಧಾನವಾಗಿ ಪಿ ಕಡೆಗೆ ತರುತ್ತಾ ಕೋನವನ್ನು ಓದಿಸಿ: 70, 80, 85, 88. ಕ್ಯೂ ಸರಿಯಾಗಿ ಪಿ ಮೇಲೆ ಬಂದು ಕೂತ ಕ್ಷಣ ರೇಖೆಯೇ ಮಾಯವಾಗುತ್ತದೆ. ಒಂದೇ ಬಿಂದುವಿನ ಮೂಲಕ ಯಾವ ರೇಖೆ ಎಂದು ತಂತ್ರಾಂಶಕ್ಕೆ ತಿಳಿಯದು. ಇದನ್ನು ಅಡಚಣೆ ಎಂದುಕೊಳ್ಳದೆ ಅಲ್ಲೇ ನಿಲ್ಲಿಸಿ ಕೇಳಿ: ರೇಖೆ ಯಾವ ರೇಖೆಯ ಕಡೆಗೆ ಹೋಗುತ್ತಿತ್ತು? ಆ ರೇಖೆಗೂ ತ್ರಿಜ್ಯಕ್ಕೂ ಎಷ್ಟು ಕೋನ? ಮುಂದೆ ಪಿಯುಸಿಯಲ್ಲಿ ಅವಕಲನ ಕಲಿಯುವಾಗ ಇದೇ ಚಿತ್ರ ಮತ್ತೆ ಬರುತ್ತದೆ.

ಬಾಹ್ಯ ಬಿಂದುವಿನಿಂದ ಎಳೆದ ಎರಡು ಸ್ಪರ್ಶಕಗಳ ಪ್ರಮೇಯಕ್ಕೆ ಟ್ಯಾಂಜೆಂಟ್ಸ್ ಉಪಕರಣವೇ ಇದೆ. ತ್ರಿಜ್ಯ 3 ಇಟ್ಟು, ಬಿಂದುವನ್ನು ಕೇಂದ್ರದಿಂದ 5 ಮಾನ ದೂರಕ್ಕೆ ತಂದು, ಉದ್ದ ಎಷ್ಟಿರಬಹುದೆಂದು ಲೆಕ್ಕ ಹಾಕಿಸಿ, ಆಮೇಲೆ ಅಳೆದು ತೋರಿಸಿ: 4. ನಂತರ ಆ ಬಿಂದುವನ್ನು ವೃತ್ತದ ಒಳಗೆ ಎಳೆಯಿರಿ. ಸ್ಪರ್ಶಕಗಳು ಕಾಣೆಯಾದವು. ಏಕೆ?

ಥೇಲ್ಸ್ ಪ್ರಮೇಯ, ಮಧ್ಯಬಿಂದು ಪ್ರಮೇಯಗಳಿಗೂ ಕ್ರಮ ಇದೇ ಆದ್ದರಿಂದ ಬಿಡಿಸಿ ಹೇಳುವುದಿಲ್ಲ. ಒಂದನ್ನು ಮಾತ್ರ ಶಿಫಾರಸು ಮಾಡುತ್ತೇನೆ: ಯಾವುದಾದರೂ ಸೊಟ್ಟಪಟ್ಟ ಚತುರ್ಭುಜದ ನಾಲ್ಕು ಬಾಹುಗಳ ಮಧ್ಯಬಿಂದುಗಳನ್ನು ಸೇರಿಸಿದರೆ ಸಮಾಂತರ ಚತುರ್ಭುಜ ಬರುತ್ತದೆ. ಒಂದು ಮೂಲೆಯನ್ನು ಒಳಗೆ ತಳ್ಳಿದರೂ ಅದು ಸಮಾಂತರ ಚತುರ್ಭುಜವೇ. ಕರ್ಣವೊಂದನ್ನು ಎಳೆದುಕೊಂಡರೆ ಸಾಧನೆ ಮಧ್ಯಬಿಂದು ಪ್ರಮೇಯದಿಂದ ಎರಡು ಸಾಲಿನಲ್ಲಿ ಬರುತ್ತದೆ. ಮಕ್ಕಳು ತಾವೇ ಸಾಧಿಸಿ ಹೆಮ್ಮೆಪಡುವ ಪ್ರಮೇಯ ಇದು.

ಐದನೇ ಹೆಜ್ಜೆ: ಬೀಜಗಣಿತಕ್ಕೆ ಸ್ಲೈಡರ್

ವರ್ಗ ಬಹುಪದೋಕ್ತಿಗಳ ಪಾಠದಲ್ಲಿ ಮೂರು ಸಹಗುಣಕಗಳಿಗೆ ಎ, ಬಿ, ಸಿ ಎಂಬ ಮೂರು ಸ್ಲೈಡರ್ (ಎಳೆದು ಸಂಖ್ಯೆಯ ಬೆಲೆ ಬದಲಿಸುವ ಪಟ್ಟಿ) ಮಾಡಿ, ಮಿತಿ ಋಣ 5 ಇಂದ ಧನ 5. ಇನ್‌ಪುಟ್ ಪಟ್ಟಿಯಲ್ಲಿ ಬಹುಪದೋಕ್ತಿಯನ್ನು ಟೈಪ್ ಮಾಡುವಾಗ ಸಹಗುಣಕಕ್ಕೂ ಚರಾಕ್ಷರಕ್ಕೂ ನಡುವೆ ಗುಣಾಕಾರದ ನಕ್ಷತ್ರ ಚಿಹ್ನೆ ಹಾಕಿ. ಇಲ್ಲದಿದ್ದರೆ ಎರಡು ಅಕ್ಷರ ಸೇರಿ ಒಂದೇ ಹೆಸರೆಂದು ಅದು ತಿಳಿದುಬಿಡಬಹುದು. ಶೋಧಕದ ಸೂತ್ರವನ್ನೂ (ಬಿಯ ವರ್ಗದಿಂದ ಎ, ಸಿ ಗುಣಲಬ್ಧದ ನಾಲ್ಕರಷ್ಟನ್ನು ಕಳೆಯುವುದು) ಹಾಗೇ ಟೈಪ್ ಮಾಡಿ, ಬೆಲೆ ಎಡಗಡೆ ಕಾಣುತ್ತಿರಲಿ.

ಸಿ ಬದಲಿಸಿದರೆ ವಕ್ರರೇಖೆ ಮೇಲೆ ಕೆಳಗೆ ಹೋಗುತ್ತದೆ. ಅದು ಎಕ್ಸ್ ಅಕ್ಷವನ್ನು ಎರಡು ಕಡೆ ಕತ್ತರಿಸುವುದು, ಮುಟ್ಟುವುದು, ಮುಟ್ಟದೇ ಇರುವುದು, ಇವಕ್ಕೂ ಶೋಧಕ ಧನ, ಸೊನ್ನೆ, ಋಣ ಆಗುವುದಕ್ಕೂ ಇರುವ ನಂಟು ಕಣ್ಣೆದುರಿಗೇ ಇರುತ್ತದೆ. ಎ ಬದಲಿಸಿದರೆ ಪರವಲಯ ಅಗಲವಾಗುತ್ತದೆ, ಕಿರಿದಾಗುತ್ತದೆ, ಮಗುಚುತ್ತದೆ, ಸೊನ್ನೆಯಲ್ಲಿ ಸರಳರೇಖೆಯಾಗುತ್ತದೆ. ಇವೆರಡನ್ನೂ ಮಕ್ಕಳು ಹೆಚ್ಚುಕಡಿಮೆ ಸರಿಯಾಗಿಯೇ ಊಹಿಸುತ್ತಾರೆ.

ಬಿ ವಿಷಯದಲ್ಲಿ ಊಹೆ ತಪ್ಪುತ್ತದೆ. ಪಕ್ಕಕ್ಕೆ ಜರುಗುತ್ತದೆ ಎಂದು ಬರೆಯುತ್ತಾರೆ. ಎಕ್ಸ್‌ಟ್ರೀಮಮ್ ಉಪಕರಣದಿಂದ ಪರವಲಯದ ತುದಿಯಾದ ಶೃಂಗಬಿಂದುವನ್ನು ಗುರುತಿಸಿ, ಅದರ ಮೇಲೆ ಬಲ ಕ್ಲಿಕ್ ಮಾಡಿ ಟ್ರೇಸ್ ಆಯ್ಕೆ ಹಾಕಿ, ಎ ಮತ್ತು ಸಿ ಎರಡನ್ನೂ 1ರಲ್ಲಿ ನಿಲ್ಲಿಸಿ, ಬಿ ಮಾತ್ರ ಓಡಿಸಿ. ಶೃಂಗ ನಡೆದ ಹಾದಿ ಇನ್ನೊಂದು ಪರವಲಯ, ತಲೆಕೆಳಗಾದದ್ದು. ಮೂಲ ವಕ್ರರೇಖೆ ಎಷ್ಟೇ ಜರುಗಿದರೂ ವೈ ಅಕ್ಷವನ್ನು 1ರಲ್ಲೇ ದಾಟುತ್ತದೆ. ಏಕೆ ಎಂದು ಬೀಜಗಣಿತದಲ್ಲಿ ತೋರಿಸುವುದು ಚುರುಕಾದ ಮಕ್ಕಳಿಗೆ ಒಳ್ಳೆಯ ಮನೆಗೆಲಸ. ಶೃಂಗದ ಎಕ್ಸ್ ನಿರ್ದೇಶಾಂಕದ ವರ್ಗವನ್ನು 1ರಿಂದ ಕಳೆದರೆ ವೈ ನಿರ್ದೇಶಾಂಕ ಸಿಗುತ್ತದೆ ಎಂಬುದು ಅವರಿಗೆ ಹೊಳೆಯಬೇಕು. ಪರದೆಯ ಮೇಲಿನ ಗುರುತು ಅಳಿಸಲು ಕಂಟ್ರೋಲ್ ಮತ್ತು ಎಫ್ ಒತ್ತಿ.

ಆರನೇ ಹೆಜ್ಜೆ: ಮಕ್ಕಳ ಕೈಗೆ ಕೊಡುವುದು

ಪ್ರೊಜೆಕ್ಟರ್ ಒಂದೇ ಇದ್ದು ಮಕ್ಕಳು 50 ಇದ್ದರೂ ಮೇಲಿನದೆಲ್ಲ ನಡೆಯುತ್ತದೆ. ಪ್ರತಿ ಬೆಂಚು ಮೊದಲು ಕೈವಾರ, ಕೋನಮಾಪಕ ಹಿಡಿದು ತನ್ನದೇ ವೃತ್ತ ಬಿಡಿಸಿ ಅಳೆಯಲಿ, ಆಮೇಲೆ ಪರದೆ. ಈ ಕ್ರಮ ಇದ್ದರೆ ಕರೆಂಟು ಹೋದರೂ ಪಾಠ ನಿಲ್ಲುವುದಿಲ್ಲ, ಬೆಂಚುಗಳ ಅಳತೆಗಳನ್ನೇ ಹಲಗೆಗೆ ಏರಿಸಿ ಮುಂದುವರಿಯಬಹುದು. ಕೈವಾರವನ್ನು ಪೂರ್ತಿ ಬಿಟ್ಟುಬಿಡುವ ಶಿಕ್ಷಕರಿದ್ದಾರೆ, ಅದು ಸರಿಯಲ್ಲ. ಲಂಬಾರ್ಧಕವನ್ನು ಒಮ್ಮೆಯೂ ಕೈಯಿಂದ ಎಳೆಯದ ಮಗುವಿಗೆ ತಂತ್ರಾಂಶದ ಲಂಬಾರ್ಧಕ ಬರೀ ಒಂದು ಬಟನ್.

ಲ್ಯಾಬ್ ಇದ್ದರೆ ಒಂದು ಕಂಪ್ಯೂಟರ್‌ಗೆ ಇಬ್ಬರು ಅಥವಾ ಮೂವರನ್ನು ಕೂರಿಸಿ. ಮೌಸ್ ಹಿಡಿದವರು ಮಾತಾಡುವಂತಿಲ್ಲ, ಹೇಳುವವರು ಮೌಸ್ ಮುಟ್ಟುವಂತಿಲ್ಲ, ಹತ್ತು ನಿಮಿಷಕ್ಕೊಮ್ಮೆ ಅದಲುಬದಲು. ಕೆಲಸವನ್ನು "ಸಮಬಾಹು ತ್ರಿಭುಜ ಬಿಡಿಸಿ" ಎಂದು ಕೊಡಬೇಡಿ. "ಯಾವ ಮೂಲೆ ಎಳೆದರೂ ಸಮಬಾಹುವಾಗಿಯೇ ಉಳಿಯುವ ತ್ರಿಭುಜ ಕಟ್ಟಿ, ರೆಗ್ಯುಲರ್ ಪಾಲಿಗನ್ ಉಪಕರಣ ಬಳಸುವಂತಿಲ್ಲ" ಎಂದು ಕೊಡಿ. ಪಕ್ಕದ ಗುಂಪಿನವರು ಎಳೆದು ಪರೀಕ್ಷಿಸಲಿ. ಮಾರ್ಕು ಕೊಡಲು ನೀವೇ ಬೇಕಾಗಿಲ್ಲ.

ಹೆಣ್ಣುಮಕ್ಕಳು ಮೌಸ್ ಹಿಡಿಯುವ ಸರದಿ ತಪ್ಪದಂತೆ ನೋಡಿಕೊಳ್ಳಿ. ಹೇಳದೇ ಬಿಟ್ಟರೆ ಬಹಳ ಗುಂಪುಗಳಲ್ಲಿ ಆ ಸರದಿ ಬರುವುದೇ ಇಲ್ಲ.

ಫೈಲು, ಕನ್ನಡ, ಕಿರುಪರೀಕ್ಷೆ

ಟೆಕ್ಸ್ಟ್ ಉಪಕರಣದಲ್ಲಿ ಕನ್ನಡವನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ್ದನ್ನು ತಂದು ಅಂಟಿಸಿದರೆ ಅರ್ಥವಾಗದ ಚಿಹ್ನೆಗಳ ಸಾಲು ಕಾಣುತ್ತದೆ. ಫೈಲುಗಳಿಗೆ ತರಗತಿ, ಪಾಠ, ಪ್ರಮೇಯದ ಹೆಸರು ಕೊಟ್ಟು ಪೆನ್‌ಡ್ರೈವಿನಲ್ಲಿ ಇನ್ನೊಂದು ಪ್ರತಿ ಇಟ್ಟುಕೊಳ್ಳಿ. ಜಿಯೋಜಿಬ್ರಾದ ಜಾಲತಾಣದಲ್ಲಿ ಲೋಕದ ಶಿಕ್ಷಕರು ಹಾಕಿರುವ ಸಾಮಗ್ರಿ ರಾಶಿಯಿದೆ, ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಲ್ಲಿ ಕನ್ನಡದ್ದೂ ಸಿಗುತ್ತದೆ. ಇಳಿಸಿಕೊಂಡದ್ದನ್ನು ಹಾಗೇ ತೋರಿಸುವ ಬದಲು ಕನ್‌ಸ್ಟ್ರಕ್ಷನ್ ಪ್ರೊಟೊಕಾಲ್ ತೆರೆದು ಅವರು ಯಾವ ಕ್ರಮದಲ್ಲಿ ಕಟ್ಟಿದ್ದಾರೆ ಎಂದು ಓದಿ, ನೀವೇ ಒಮ್ಮೆ ಕಟ್ಟಿ ನೋಡಿ. ಮಕ್ಕಳ ಎದುರು ಕೈ ತಡವರಿಸುವುದು ಆಗ ತಪ್ಪುತ್ತದೆ.

ಪಾಠ ಮುಗಿದ ಮೇಲಿನ ಕಿರುಪರೀಕ್ಷೆಯಲ್ಲಿ ಎಳೆಯುವ ಪ್ರಶ್ನೆಯೊಂದು ಕಾಗದದ ಮೇಲೂ ಇರಲಿ. ಒಂದು ಮಾದರಿ: ಓ ಕೇಂದ್ರದ ವೃತ್ತದಲ್ಲಿ ಎಬಿ ಒಂದು ಜ್ಯಾ. ಅಧಿಕ ಕಂಸದ ಮೇಲಿರುವ ಸಿ ಬಿಂದುವಿನಲ್ಲಿ ಕೋನ 50 ಡಿಗ್ರಿ. ಸಿಯನ್ನು ಅದೇ ಕಂಸದ ಮೇಲೆ ಸರಿಸಿದರೆ ಕೋನ ಎಷ್ಟು? ಜ್ಯಾದ ಆಚೆ ಬದಿಗೆ ಒಯ್ದರೆ ಎಷ್ಟು? ಸಿ ಮೆಲ್ಲಗೆ ಎ ಹತ್ತಿರ ಬಂದು ಎ ಮೇಲೆಯೇ ಕೂತರೆ ಏನಾಗುತ್ತದೆ? ಮೊದಲೆರಡಕ್ಕೆ 50, 130 ಎಂದು ಬಹುತೇಕ ಮಕ್ಕಳು ಬರೆಯುತ್ತಾರೆ. ಮೂರನೆಯದಕ್ಕೆ "ಕೋನ ಮಾಯವಾಗುತ್ತದೆ" ಎಂದು ಬರೆದರೂ ಅಂಕ ಕೊಡಿ, ಪರದೆಯಲ್ಲಿ ಹಾಗೇ ಆಗುತ್ತದೆ. ಆದರೆ ಸಿ ಹತ್ತಿರ ಬರುತ್ತಿರುವಷ್ಟು ಹೊತ್ತೂ ಕೋನ 50 ಆಗಿಯೇ ಇತ್ತು, ಸಿಎ ರೇಖೆ ಎ ಬಿಂದುವಿನ ಸ್ಪರ್ಶಕದ ಕಡೆಗೆ ವಾಲುತ್ತಿತ್ತು. ಹಾಗಾದರೆ ಆ ಸ್ಪರ್ಶಕಕ್ಕೂ ಜ್ಯಾ ಎಬಿಗೂ ನಡುವಿನ ಕೋನ 50 ಡಿಗ್ರಿ ಇರಬೇಕು. ಇದನ್ನು ಬರೆದ ಮಗು ನೀವು ಇನ್ನೂ ಕಲಿಸದ ಒಂದು ಪ್ರಮೇಯವನ್ನು ತಾನೇ ಕಂಡುಕೊಂಡಿದೆ. ಮರುದಿನ ಹಲಗೆಯ ಹತ್ತಿರ ಕರೆದು, ಓಎ ತ್ರಿಜ್ಯ ಎಳೆದುಕೊಂಡು ಅದನ್ನು ಸಾಧಿಸಲು ಹೇಳಿ.